ಅರವತ್ತೈದು ವರ್ಷಗಳ ನೆನಪು: ಪೀಟರ್ ಪಾನುಮನ ಜೀವನ

ಮಹಾಪುರುಷರೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವವರು ರಾಜರು, ದಂಡನಾಯಕರು, ಕವಿಗಳು, ಸಂತರು. ಖಡ್ಗವನ್ನು ಹಿಡಿಯದೆ, ಕಾವ್ಯವನ್ನು ಬರೆಯದೆ, ಹಳ್ಳಿಯಿಂದ ಹಳ್ಳಿಗೆ ತಿರುಗಿ, ಸಾಮಾನ್ಯ ಜನರನ್ನು ತಾಳ್ಮೆಯಿಂದ ಪ್ರಶ್ನಿಸಿ, ಅವರು ಹೇಳಿದ್ದನ್ನು ಲೆಕ್ಕವಿಟ್ಟು ಮಾನವಕುಲಕ್ಕೆ ಉಪಕಾರ ಮಾಡಿದವರೂ ಉಂಟು. ಡೆನ್ಮಾರ್ಕ್ ದೇಶದ ವೈದ್ಯನಾದ ಪೀಟರ್ ಲುಡ್ವಿಗ್ ಪಾನುಮ್ ಅಂಥವರಲ್ಲಿ ಒಬ್ಬ. ಸಾಂಕ್ರಾಮಿಕ ರೋಗಗಳ ಶಾಸ್ತ್ರವನ್ನು ಓದುವವರಿಗೆ ಈ ಹೆಸರು ಚಿರಪರಿಚಿತ. ನಮ್ಮಂಥ ಕಲಾ ವಿದ್ಯಾರ್ಥಿಗಳಲ್ಲಿ ಇದನ್ನು ಕೇಳಿದವರು ಬಹಳ ವಿರಳ. ಆದುದರಿಂದ ಆತನ ಕಥೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳಲು ಹೊರಟಿದ್ದೇನೆ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ವೈದ್ಯನ ಗೊಡವೆ ಏಕೆ ಎಂದು ಗೆಳೆಯರು ಕೇಳಬಹುದು. 2020ರಲ್ಲಿ ಕೊರೋನಾ ರೋಗವು ಲೋಕವನ್ನೆಲ್ಲ ಆವರಿಸಿದಾಗ ನಾವೆಲ್ಲ ಪ್ರೌಢಶಾಲೆಯ ಮಕ್ಕಳು. ಶಾಲೆ ಮುಚ್ಚಿತ್ತು, ಸಂತೆ ನಿಂತಿತ್ತು. ಆಗ ಊರ ಕಟ್ಟೆಯ ಮೇಲೂ ಪತ್ರಿಕೆಗಳಲ್ಲೂ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: ಒಮ್ಮೆ ಬಂದು ಹೋದವರಿಗೆ ಈ ರೋಗ ಮತ್ತೆ ಬರುವುದೇ? ಬಾರದಿದ್ದರೆ ಎಷ್ಟು ಕಾಲ ಬಾರದು? ಮೂಗು ಬಾಯಿಗಳ ಮೂಲಕ ಒಳಹೊಕ್ಕ ವೈರಸ್ಸನ್ನು ನಮ್ಮ ದೇಹ ನೆನಪಿಡುವುದೇ, ಮರೆಯುವುದೇ? ಕಾಲೇಜಿಗೆ ಬಂದ ಮೇಲೆ ಸಾಂಕ್ರಾಮಿಕಗಳ ಇತಿಹಾಸವನ್ನು ಓದುವಾಗ, ಇದೇ ಪ್ರಶ್ನೆಯನ್ನು ಸುಮಾರು ನೂರೆಂಬತ್ತು ವರ್ಷಗಳ ಹಿಂದೆ ಕೇಳಿ, ಅಂಕಿ ಸಹಿತ ಉತ್ತರ ಪಡೆದ ಇಪ್ಪತ್ತೈದು ವರ್ಷದ ಯುವಕನೊಬ್ಬನಿದ್ದನೆಂದು ತಿಳಿದು ಬೆರಗಾದೆನು.

ಪಾನುಮನು 1820ನೆಯ ಇಸವಿ ಡಿಸೆಂಬರ್ 19ರಂದು ಡೆನ್ಮಾರ್ಕಿಗೆ ಸೇರಿದ ಬೋರ್ನ್‌ಹೋಮ್ ದ್ವೀಪದ ರೋನ್ನೆ ಎಂಬ ಊರಿನಲ್ಲಿ ಹುಟ್ಟಿದನು. ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1845ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಮರುವರ್ಷವೇ ಸರ್ಕಾರ ಅವನಿಗೆ ಒಂದು ಕೆಲಸವನ್ನು ಒಪ್ಪಿಸಿತು. ಇನ್ನೂ ಹೆಸರು ಗಳಿಸದ, ಪರೀಕ್ಷೆ ಮುಗಿಸಿ ಒಂದು ವರ್ಷವಷ್ಟೇ ಆದ ಯುವಕನಿಗೆ ಅಂದು ದೊರೆತ ಆ ಕೆಲಸವೇ ಅವನ ಹೆಸರನ್ನು ಇಂದಿಗೂ ಉಳಿಸಿದೆ.

ಸ್ಕಾಟ್ಲೆಂಡಿಗೂ ಐಸ್‌ಲೆಂಡಿಗೂ ನಡುವೆ, ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಫೆರೋ ದ್ವೀಪಗಳೆಂಬ ಹದಿನೆಂಟು ದ್ವೀಪಗಳ ಗುಂಪಿದೆ. ಅವು ಡೆನ್ಮಾರ್ಕಿನ ಆಡಳಿತಕ್ಕೆ ಸೇರಿದ್ದವು. ಮರಗಳೇ ಅಪರೂಪವಾದ ಬೆಟ್ಟಗಳು, ಕಡಿದಾದ ಬಂಡೆಗಳು, ಸದಾ ಮಂಜು, ಗಾಳಿ. ಜನರು ಕುರಿ ಸಾಕಿ, ಮೀನು ಹಿಡಿದು, ತಿಮಿಂಗಿಲಗಳ ಹಿಂಡನ್ನು ದೋಣಿಗಳಲ್ಲಿ ಕೊಲ್ಲಿಗೆ ಅಟ್ಟಿ ಬೇಟೆಯಾಡಿ ಬದುಕುತ್ತಿದ್ದರು. ಅಲ್ಲಿಯ ವ್ಯಾಪಾರವೆಲ್ಲ ಅರಸನ ಏಕಸ್ವಾಮ್ಯಕ್ಕೆ ಒಳಪಟ್ಟಿತ್ತು. 1856ರವರೆಗೂ ಹೊರಗಿನ ಹಡಗುಗಳು ಅಲ್ಲಿಗೆ ಬಂದು ಸ್ವತಂತ್ರವಾಗಿ ವ್ಯಾಪಾರ ಮಾಡುವಂತಿರಲಿಲ್ಲ. ಹೀಗಾಗಿ ಹೊರಗಿನ ಸರಕಿನಂತೆ ಹೊರಗಿನ ರೋಗಗಳೂ ಅಲ್ಲಿಗೆ ಅಪರೂಪಕ್ಕೆ ಬರುತ್ತಿದ್ದವು. 1781ರಲ್ಲಿ ಒಮ್ಮೆ ದಡಾರ ಬಂದು ಹೋಗಿತ್ತು. ಅನಂತರ ಅರವತ್ತೈದು ವರ್ಷಗಳ ಕಾಲ ಆ ದ್ವೀಪಗಳಲ್ಲಿ ದಡಾರವೆಂಬುದೇ ಇರಲಿಲ್ಲ.

1846ರ ಮಾರ್ಚ್ 20ರಂದು ಕೋಪನ್‌ಹೇಗನ್ನಿನಿಂದ ಒಬ್ಬ ಬಡಗಿ ಹಡಗು ಹತ್ತಿ 28ರಂದು ಫೆರೋ ದ್ವೀಪಗಳ ಮುಖ್ಯ ಪಟ್ಟಣವಾದ ಟೋರ್ಸ್‌ಹಾವ್ನ್ ಮುಟ್ಟಿದನು. ಹೊರಡುವ ಮುನ್ನ ದಡಾರದ ರೋಗಿಗಳನ್ನು ಕಂಡು ಬಂದಿದ್ದನು. ದಾರಿಯುದ್ದಕ್ಕೂ ಆರೋಗ್ಯವಾಗಿದ್ದವನಿಗೆ ಏಪ್ರಿಲ್ ತಿಂಗಳ ಮೊದಲ ದಿನಗಳಲ್ಲಿ ದಡಾರ ಎದ್ದಿತು. ಆಮೇಲೆ ಅವನ ಹತ್ತಿರದ ಗೆಳೆಯರಿಬ್ಬರು ಮಲಗಿದರು. ಅಲ್ಲಿಂದ ಮನೆಗೆ ಮನೆ, ಊರಿಗೆ ಊರು, ದ್ವೀಪಕ್ಕೆ ದ್ವೀಪ ರೋಗ ಹಬ್ಬಿತು. ದ್ವೀಪಗಳ ಒಟ್ಟು ಜನಸಂಖ್ಯೆ 7,782. ಅವರಲ್ಲಿ 6,000ಕ್ಕೂ ಹೆಚ್ಚು ಜನ ಕೆಲವೇ ತಿಂಗಳುಗಳಲ್ಲಿ ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಒಂದು ಊರಿಗೆ ಊರೇ ಒಟ್ಟಿಗೆ ಮಲಗಿದರೆ ನೀರು ಕೊಡುವವರಾರು, ದನಕರುಗಳಿಗೆ ಮೇವು ಹಾಕುವವರಾರು? ಡೆನ್ಮಾರ್ಕ್ ಸರ್ಕಾರವು ಪಾನುಮನನ್ನೂ ಮಾನಿಕಸ್ ಎಂಬ ಇನ್ನೊಬ್ಬ ತರುಣ ವೈದ್ಯನನ್ನೂ ಅಲ್ಲಿಗೆ ಕಳುಹಿಸಿತು. ಇಬ್ಬರೂ ದ್ವೀಪಗಳನ್ನು ತಮ್ಮೊಳಗೆ ಹಂಚಿಕೊಂಡು ಕೆಲಸಕ್ಕೆ ತೊಡಗಿದರು.

ಆ ಕಾಲದ ವೈದ್ಯರ ಕೈಯಲ್ಲಿ ಏನಿತ್ತು? ರೋಗಾಣುವೆಂಬ ಕಲ್ಪನೆ ಇನ್ನೂ ಬೇರೂರಿರಲಿಲ್ಲ. ಪಾಶ್ಚರ್, ಕೋಖ್ ಅವರ ಕಾಲ ಮುಂದೆ ಬರಬೇಕಾಗಿತ್ತು. ವೈರಸ್ ಎಂಬುದನ್ನು ಕಂಡವರಿಲ್ಲ. ಕೆಟ್ಟ ಗಾಳಿಯಿಂದ ರೋಗ ಹುಟ್ಟುವುದೆಂದು ಹೇಳುವ ವಿದ್ವಾಂಸರು ಬಹಳ ಮಂದಿ ಇದ್ದರು. ದಡಾರಕ್ಕೆ ಔಷಧವಂತೂ ಇರಲೇ ಇಲ್ಲ. ಹಾಗಾಗಿ ಪಾನುಮನಿಗೆ ಉಳಿದಿದ್ದ ಸಾಧನಗಳು ಕಾಲು, ಕಣ್ಣು, ಕಿವಿ ಮತ್ತು ಬರೆದಿಡುವ ಕೈ. ಅವನು 52 ಊರುಗಳನ್ನು ಕುರಿತು ವಿವರಗಳನ್ನು ಕಲೆಹಾಕಿದನು. ಸುಮಾರು ಸಾವಿರ ರೋಗಿಗಳನ್ನು ನೋಡಿದನು. ಮೊದಲು ಯಾರಿಗೆ ಎದ್ದಿತು, ಅವನು ಎಲ್ಲಿಗೆ ಹೋಗಿದ್ದನು, ಅವನ ಮನೆಗೆ ಯಾರು ಬಂದಿದ್ದರು, ಎಂದು ಬಂದಿದ್ದರು, ಎರಡನೆಯವನಿಗೆ ಎಂದು ಎದ್ದಿತು ಎಂದು ಕೇಳಿ ಕೇಳಿ ತಾರೀಖಿನೊಂದಿಗೆ ಬರೆದುಕೊಂಡನು. ಊರುಗಳು ಒಂದರಿಂದೊಂದು ದೂರವಾಗಿ, ಸಮುದ್ರದಿಂದಲೂ ಬೆಟ್ಟದಿಂದಲೂ ಬೇರ್ಪಟ್ಟಿದ್ದುದು ಅವನಿಗೆ ಅನುಕೂಲವೇ ಆಯಿತು. ದೊಡ್ಡ ನಗರದಲ್ಲಿ ಯಾರಿಂದ ಯಾರಿಗೆ ರೋಗ ಬಂತೆಂದು ಹೇಳುವುದು ಕಷ್ಟ. ಹೊರಗಿನವರು ಬರುವುದೇ ಒಂದು ಸಮಾಚಾರವಾಗಿದ್ದ ಆ ಹಳ್ಳಿಗಳಲ್ಲಿ, ಬಂದವರಾರು ಎಂಬುದು ಎಲ್ಲರಿಗೂ ನೆನಪಿರುತ್ತಿತ್ತು.

ಅವನ ವಿಚಾರಣೆಯ ಬಗೆಯನ್ನು ತಿಳಿಯಲು ಒಂದು ನಿದರ್ಶನ ಸಾಕು. ಜೂನ್ 4ರಂದು ವೆಸ್ಟ್‌ಮನ್ನ ಎಂಬಲ್ಲಿ ತಿಮಿಂಗಿಲಗಳ ಬೇಟೆ ನಡೆಯಿತು. ಟ್ಯೋರ್ನುವಿಕ್ ಎಂಬ ದೂರದ ಹಳ್ಳಿಯಿಂದ ಹತ್ತು ಗಂಡಸರು ಒಂದು ದೋಣಿಯಲ್ಲಿ ಆ ಬೇಟೆಗೆ ಹೋಗಿ ಬಂದರು. ಸರಿಯಾಗಿ ಹದಿನಾಲ್ಕು ದಿನಗಳ ಮೇಲೆ, ಜೂನ್ 18ರಂದು, ಆ ಹತ್ತೂ ಜನರ ಮೈಮೇಲೆ ದಡಾರದ ಕೆಂಪು ಗಂಧೆಗಳು ಎದ್ದವು. ಅನಂತರ ಮತ್ತೆ ಸುಮಾರು ಎರಡು ವಾರಗಳು ಕಳೆದ ಮೇಲೆ ಅವರ ಮನೆಯವರಿಗೆ, ಊರವರಿಗೆ ಎದ್ದಿತು. ಊರಿಂದ ಊರಿಗೆ ಈ ಲೆಕ್ಕವನ್ನು ತಾಳೆ ನೋಡಿದಾಗ ಎಲ್ಲೆಡೆಯೂ ಹದಿಮೂರು ಹದಿನಾಲ್ಕು ದಿನಗಳ ಅಂತರವೇ ಕಂಡುಬಂದಿತು. ಕೆಟ್ಟ ಗಾಳಿಯಿಂದ ಬರುವ ರೋಗ ಹೀಗೆ ದಿನ ಎಣಿಸಿಕೊಂಡು ಬರಲಾರದು. ದಡಾರವು ರೋಗಿಯಿಂದಲೇ ಇನ್ನೊಬ್ಬನಿಗೆ ಅಂಟುವುದೆಂದೂ, ಸೋಂಕು ತಗುಲಿದ ದಿನಕ್ಕೂ ಗಂಧೆ ಏಳುವ ದಿನಕ್ಕೂ ನಡುವೆ ಸುಮಾರು ಎರಡು ವಾರಗಳು ಕಳೆಯುವುದೆಂದೂ, ರೋಗಿಯನ್ನು ಬೇರೆಯಾಗಿ ಇರಿಸುವುದೇ ತಡೆಗೆ ನಂಬತಕ್ಕ ಉಪಾಯವೆಂದೂ ಅವನು ನಿರ್ಣಯಿಸಿದನು.

ಇನ್ನು ಅವನ ಶೋಧನೆಯ ಎರಡನೆಯ ಭಾಗ. ಅಷ್ಟೊಂದು ಜನ ಮಲಗಿದ ದ್ವೀಪಗಳಲ್ಲಿ ರೋಗ ತಟ್ಟದೆ ಉಳಿದವರಾರು? ಕೆಲವರು ಹೊರಗಿನವರ ಸಂಪರ್ಕವನ್ನು ತಪ್ಪಿಸಿಕೊಂಡವರು. ಇನ್ನು ಕೆಲವರು ತಲೆ ನರೆತ ಮುದುಕ ಮುದುಕಿಯರು. ಮುದಿ ದೇಹಕ್ಕೆ ಮಕ್ಕಳ ರೋಗ ಅಂಟುವುದಿಲ್ಲವೆಂದು ಸುಲಭವಾಗಿ ಹೇಳಿಬಿಡಬಹುದಾಗಿತ್ತು. ಪಾನುಮನು ಹಾಗೆ ಹೇಳಿ ಮುಗಿಸಲಿಲ್ಲ. ಈ ವೃದ್ಧರು 1781ರಲ್ಲಿ ಚಿಕ್ಕ ಮಕ್ಕಳಾಗಿದ್ದಾಗ ದಡಾರ ಕಂಡವರೋ ಅಲ್ಲವೋ ಎಂಬುದನ್ನು ವಿಚಾರಿಸಿದನು. ಚಿಕ್ಕಂದಿನಲ್ಲಿ ದಡಾರವಾಗಿ, ಈಗ ಅದರಿಂದ ಪಾರಾದ 98 ವೃದ್ಧರನ್ನು ಅವನು ಖುದ್ದಾಗಿ ಕಂಡನು. ಆಗ ದಡಾರವಾಗಿದ್ದವರಲ್ಲಿ ಒಬ್ಬರಿಗಾದರೂ ಎರಡನೆಯ ಸಲ ಬಂದುದನ್ನು ಕಾಣಲಿಲ್ಲ. ಆಗ ತಪ್ಪಿಸಿಕೊಂಡಿದ್ದ ವೃದ್ಧರಿಗೋ, ಈಗ ಮುಪ್ಪಿನಲ್ಲಿ ರೋಗ ತಟ್ಟಿತು. ಅಂದಮೇಲೆ ಕಾಪಾಡಿದುದು ವಯಸ್ಸಲ್ಲ, ಮೊದಲ ಸಲದ ರೋಗವೇ. ನಡುವೆ ಅರವತ್ತೈದು ವರ್ಷಗಳ ಕಾಲ ದ್ವೀಪಗಳಲ್ಲಿ ದಡಾರವಿಲ್ಲದಿದ್ದುದರಿಂದ, ಆ ರಕ್ಷಣೆಯನ್ನು ಆಗಾಗ ಎಚ್ಚರಿಸಲು ಅವಕಾಶವೂ ಇರಲಿಲ್ಲ. ಒಮ್ಮೆ ಪಡೆದ ರಕ್ಷಣೆ ತಾನಾಗಿಯೇ ಜೀವಮಾನವೆಲ್ಲ ನಿಂತಿತ್ತು.

ಈ ಭಾಗವನ್ನು ಓದುವಾಗ ನನಗೆ ನಮ್ಮ ಮನೆಯ ನೆನಪಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಅಜ್ಜಿಗೆ ಓದು ಬರಹ ಬಾರದು. ತಾನು ಹುಟ್ಟಿದ ವರ್ಷವೂ ಗೊತ್ತಿಲ್ಲ. ಆದರೆ ಯಾವ ಮಗುವಿಗೆ ಯಾವ ಸುಗ್ಗಿಯ ಹಿಂದುಮುಂದು ದಡಾರ ಎದ್ದಿತ್ತೆಂಬುದು ಆಕೆಗೆ ಬಾಯಿಪಾಠ. ದಡಾರದ ಮನೆಗೆ ಬೇವಿನ ಸೊಪ್ಪು ಕಟ್ಟಬೇಕೆಂದು ಆಕೆ ಹೇಳುತ್ತಾಳೆ. ಒಮ್ಮೆ ದಡಾರ ಆದವರೇ ಮಗುವಿನ ಆರೈಕೆಗೆ ಕೂರಬೇಕೆಂದೂ ಹೇಳುತ್ತಾಳೆ. ಎರಡನ್ನೂ ಹೇಳುವುದು ಒಂದೇ ದನಿಯಲ್ಲಿ, ಒಂದೇ ನಂಬಿಕೆಯಿಂದ. ಓದಿದವರಾದ ನಾವು ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಮೂಢನಂಬಿಕೆಯೆಂದು ತಳ್ಳಿಹಾಕುತ್ತೇವೆ. ಇಲ್ಲವೆ, ಹಿರಿಯರ ಮಾತೆಂದು ಎರಡನ್ನೂ ಒಟ್ಟಿಗೆ ತಲೆಯ ಮೇಲೆ ಹೊತ್ತುಕೊಳ್ಳುತ್ತೇವೆ. ಎರಡಕ್ಕೂ ಶ್ರಮ ಬೇಕಿಲ್ಲ. ಪಾನುಮನು ಶ್ರಮದ ದಾರಿಯನ್ನು ಹಿಡಿದನು. ಹಳ್ಳಿಯ ಮುದುಕಿಯ ನೆನಪನ್ನು ಸಾಕ್ಷಿಯೆಂದು ಗೌರವಿಸಿದನು. ಸಾಕ್ಷಿಯನ್ನು ಪರೀಕ್ಷಿಸುವಂತೆ ಪರೀಕ್ಷಿಸಿಯೂ ನೋಡಿದನು. ಜೊಳ್ಳಿನಿಂದ ಕಾಳು ಬೇರೆಯಾದುದು ಹೀಗೆ.

ರಕ್ಷಣೆ ಉಂಟೆಂಬುದನ್ನು ಪಾನುಮನು ತೋರಿಸಿದನು. ಅದು ದೇಹದ ಯಾವ ಮೂಲೆಯಲ್ಲಿ ಅಡಗಿದೆಯೆಂಬುದನ್ನು ತಿಳಿಯಲು ಆ ಕಾಲದಲ್ಲಿ ದಾರಿಯಿರಲಿಲ್ಲ. ಇಂದು ನಮಗೆ ತಿಳಿದಿರುವುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ದಡಾರದ ವೈರಸ್ಸು ಉಸಿರಿನೊಡನೆ ಒಳಹೊಗುತ್ತದೆ. ನಮ್ಮ ರಕ್ತದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಬಿ ಕೋಶ, ಟಿ ಕೋಶಗಳೆಂಬ ಎರಡು ಬಗೆಯ ಕಾವಲುಗಾರರಿದ್ದಾರೆ. ಕೋಟ್ಯಂತರ ಬಿ ಕೋಶಗಳಲ್ಲಿ ಒಂದೊಂದರ ಮೈಮೇಲೂ ಒಂದೊಂದು ಬಗೆಯ ಹಿಡಿ ಇರುತ್ತದೆ. ಒಳಬಂದ ವೈರಸ್ಸಿಗೆ ಯಾವುದರ ಹಿಡಿ ಹೊಂದುವುದೋ ಆ ಕೋಶವಷ್ಟೇ ಎಚ್ಚೆತ್ತು ಒಂದು ಹತ್ತಾಗಿ, ಹತ್ತು ಸಾವಿರವಾಗಿ ಬೆಳೆಯುತ್ತದೆ. ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಎಂಬ ವಿಜ್ಞಾನಿ 1957ರಲ್ಲಿ ಈ ವಿಚಾರವನ್ನು ಮಂಡಿಸಿದನು. ಹೀಗೆ ಬೆಳೆಯುವಾಗ ಗ್ರಂಥಿಯೊಳಗೆ ಹಿಡಿಯ ಆಕಾರದಲ್ಲಿ ಸಣ್ಣಪುಟ್ಟ ಮಾರ್ಪಾಡುಗಳಾಗುತ್ತವೆ. ಹೆಚ್ಚು ಬಿಗಿಯಾಗಿ ಹಿಡಿಯಬಲ್ಲವು ಉಳಿಯುತ್ತವೆ, ಉಳಿದವು ಸಾಯುತ್ತವೆ.

ರೋಗ ವಾಸಿಯಾದ ಮೇಲೆ ಈ ಸೈನ್ಯದ ಬಹುಪಾಲು ಅಳಿದುಹೋಗುತ್ತದೆ. ಆದರೆ ಎಲ್ಲವೂ ಅಲ್ಲ. ಕೆಲವು ಕೋಶಗಳು ಮೂಳೆಯ ಮಜ್ಜೆಯಲ್ಲಿ ನೆಲೆಸಿ, ವರ್ಷಗಟ್ಟಲೆ ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ರಕ್ತದ ಮುಖ್ಯ ಪ್ರತಿಕಾಯಗಳಲ್ಲಿ ಅರ್ಧಪಾಲು ಸುಮಾರು ಮೂರು ವಾರಗಳಲ್ಲಿಯೇ ಕರಗಿಹೋಗುವುದರಿಂದ, ಹಳೆಯ ದಾಸ್ತಾನಿನಿಂದ ಅರವತ್ತು ವರ್ಷ ಬಾಳುವುದು ಸಾಧ್ಯವಿಲ್ಲ. ದಿನದಿನವೂ ಹೊಸದು ತಯಾರಾಗುತ್ತಿರಲೇಬೇಕು. ಇನ್ನು ಕೆಲವು ಬಿ ಕೋಶಗಳೂ ಟಿ ಕೋಶಗಳೂ ನೆನಪಿನ ಕೋಶಗಳಾಗಿ ಸುಮ್ಮನೆ ಕಾದಿರುತ್ತವೆ. ಅದೇ ವೈರಸ್ಸು ಮತ್ತೆ ಬಂದರೆ ಮೊದಲ ಸಲದಂತೆ ತಡಮಾಡದೆ ಕೆಲವೇ ದಿನಗಳಲ್ಲಿ ಮೇಲೆ ಬೀಳುತ್ತವೆ. ಫೆರೋ ದ್ವೀಪದ ಅಜ್ಜಅಜ್ಜಿಯರು ಮೊಮ್ಮಕ್ಕಳ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದಾಗ, ಅವರ ಎಲುಬಿನೊಳಗೆ 1781ರ ಪಹರೆ ಇನ್ನೂ ನಡೆಯುತ್ತಿತ್ತು.

ಹಾಗಾದರೆ ನೆಗಡಿ, ಇನ್‌ಫ್ಲುಯೆಂಜ ಮತ್ತೆ ಮತ್ತೆ ಬರುವುದೇಕೆ? ಇಲ್ಲಿ ಪಾನುಮನ ಎರಡು ಸಂಖ್ಯೆಗಳು, ಹದಿನಾಲ್ಕು ದಿನ ಮತ್ತು ಅರವತ್ತೈದು ವರ್ಷ, ಒಂದಕ್ಕೊಂದು ಸಂಬಂಧಪಟ್ಟವೆಂದು ನಾವು ಕಾಣಬಹುದು. ದಡಾರದ ವೈರಸ್ಸು ಉಸಿರಿನ ಹಾದಿಯಲ್ಲಿ ನಿಲ್ಲದೆ, ಗ್ರಂಥಿಗಳಿಗೆ ಹೋಗಿ, ರಕ್ತದೊಡನೆ ಮೈಯೆಲ್ಲ ಸಂಚರಿಸಿದ ಮೇಲೆಯೇ ರೋಗವಾಗಿ ಕಾಣಿಸಿಕೊಳ್ಳುವುದು. ಈ ದೀರ್ಘ ಪ್ರಯಾಣದಲ್ಲಿ ಅದನ್ನು ಅಡ್ಡಗಟ್ಟಲು ನೆನಪಿನ ಕೋಶಗಳಿಗೆ ಸಾಕಷ್ಟು ಸಮಯ ಸಿಗುತ್ತದೆ. ಮೇಲಾಗಿ ಪ್ರತಿಕಾಯಗಳು ಗುರುತು ಹಿಡಿಯುವ ಅದರ ರೂಪ ಹೆಚ್ಚು ಬದಲಾಗುವುದಿಲ್ಲ. ಇನ್‌ಫ್ಲುಯೆಂಜ ಹಾಗಲ್ಲ. ಅದು ಒಂದರಿಂದ ನಾಲ್ಕು ದಿನಗಳೊಳಗೆ ಮೂಗು ಗಂಟಲು ಶ್ವಾಸನಾಳಗಳಲ್ಲಿಯೇ ತನ್ನ ಕೆಲಸ ಮುಗಿಸುತ್ತದೆ. ವರ್ಷ ವರ್ಷವೂ ವೇಷ ಬದಲಿಸುತ್ತದೆ. ದೇಹ ಮರೆತಿರುವುದಿಲ್ಲ, ಬಂದವನ ಮುಖ ಬೇರೆಯಾಗಿರುತ್ತದೆ. ದೇಹ ಮರೆಯುವುದಿಲ್ಲವೆಂಬುದಕ್ಕೆ 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಸಾಕ್ಷಿ. 1918ರ ಘೋರ ಇನ್‌ಫ್ಲುಯೆಂಜದ ಕಾಲವನ್ನು ಕಂಡು ಬದುಕಿದ್ದ, 91ರಿಂದ 101 ವರ್ಷ ವಯಸ್ಸಿನ 32 ಜನರ ರಕ್ತವನ್ನು ಅಮೆರಿಕದಲ್ಲಿ ಪರೀಕ್ಷಿಸಿದರು. ತೊಂಬತ್ತು ವರ್ಷಗಳ ಮೇಲೂ ಆ ವೈರಸ್ಸಿನ ವಿರುದ್ಧ ಪ್ರತಿಕಾಯಗಳು ಅವರಲ್ಲಿದ್ದವು. ಕೆಲವರ ರಕ್ತದಲ್ಲಿ ಅವನ್ನು ತಯಾರಿಸಬಲ್ಲ ಬಿ ಕೋಶಗಳೇ ಸಿಕ್ಕವು.

ಇಷ್ಟನ್ನು ಕೇಳಿ, ರೋಗ ಒಮ್ಮೆ ಬಂದು ಹೋಗಲಿ, ಜೀವಮಾನವೆಲ್ಲ ನಿಶ್ಚಿಂತೆ ಎಂದು ಯಾರಾದರೂ ಅಂದರೆ ಅದು ಸಲ್ಲದು. ಆ 98 ವೃದ್ಧರು 1781ರ ದಡಾರದಿಂದ ಬದುಕಿ ಉಳಿದವರು. ಉಳಿಯದವರನ್ನು ಪ್ರಶ್ನಿಸಲು ಪಾನುಮನಿಗೆ ಸಾಧ್ಯವಿರಲಿಲ್ಲ. ಇದಲ್ಲದೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಕಳವಳದ ಸಂಗತಿಯನ್ನು ಹೊರಗೆಡಹಿತು. ನೆದರ್ಲೆಂಡ್ಸಿನಲ್ಲಿ ಲಸಿಕೆ ಪಡೆಯದ 77 ಮಕ್ಕಳನ್ನು ದಡಾರಕ್ಕೆ ಮುನ್ನ ಮತ್ತು ಅನಂತರ ಪರೀಕ್ಷಿಸಿದಾಗ, ಬೇರೆ ಬೇರೆ ರೋಗಗಳ ವಿರುದ್ಧ ಅವರು ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇಕಡ 11ರಿಂದ 73ರಷ್ಟು ನಾಶವಾಗಿದ್ದವು. ದಡಾರವು ತನ್ನ ನೆನಪನ್ನು ಅಳಿಸಲಾರದಂತೆ ಬರೆದು, ಇತರ ರೋಗಗಳ ನೆನಪನ್ನು ಒರೆಸಿ ಹೋಗುತ್ತದೆ. ಈ ದುಬಾರಿ ಬೆಲೆಯನ್ನು ತೆರದೆ ನೆನಪನ್ನಷ್ಟೇ ಪಡೆಯುವ ಉಪಾಯವೇ ಲಸಿಕೆ. ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ 1954ರಲ್ಲಿ ದಡಾರದ ವೈರಸ್ಸನ್ನು ಬೇರ್ಪಡಿಸಿದರು. 1963ರಲ್ಲಿ ಅಮೆರಿಕದಲ್ಲಿ ಅದರ ಲಸಿಕೆ ಬಳಕೆಗೆ ಬಂತು. ನಮ್ಮ ರಾಜ್ಯದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ, ಈ ಲೇಖನವನ್ನು ಓದುತ್ತಿರುವ ನನ್ನ ಸಹಪಾಠಿಗಳಲ್ಲಿ ಬಹುಮಂದಿ ನನ್ನಂತೆಯೇ ಶಾಲೆಯ ವರಾಂಡದಲ್ಲಿ ಸಾಲಾಗಿ ನಿಂತು ತೋಳು ಒಡ್ಡಿದ್ದರು. ಫೆರೋ ದ್ವೀಪದ ಆ ವೃದ್ಧರಿಗೆ ಜ್ವರದ ಹಾಸಿಗೆಯಲ್ಲಿ ದೊರೆತುದು ನಮಗೆ ಒಂದು ಚುಚ್ಚಿನಲ್ಲಿ ದೊರೆಯಿತು.

ಪಾನುಮನ ವರದಿ 1847ರಲ್ಲಿ ಡ್ಯಾನಿಷ್ ಭಾಷೆಯಲ್ಲಿ ಪ್ರಕಟವಾಯಿತು. ಅದರಲ್ಲಿ ರೋಗದ ಮಾತಷ್ಟೇ ಅಲ್ಲ, ದ್ವೀಪದವರ ಮನೆ, ಆಹಾರ, ಹವೆ, ಕಸುಬುಗಳ ವರ್ಣನೆಯೂ ಇದೆ. ಜನರ ಬಾಳನ್ನು ಅರಿಯದೆ ಅವರ ರೋಗವನ್ನು ಅರಿಯಲಾಗದೆಂಬುದು ಅವನ ಮತವಾಗಿದ್ದಿರಬೇಕು. 1850ರಲ್ಲಿ ಬಾಂಧೋಲ್ಮ್ ಎಂಬಲ್ಲಿ ಕಾಲರಾ ತಲೆದೋರಿದಾಗಲೂ ಅವನು ಅಲ್ಲಿಗೆ ಹೋಗಿ ದುಡಿದನು. ಬಳಿಕ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರನ ಬಳಿ ಶರೀರಶಾಸ್ತ್ರವನ್ನು ಕಲಿತು, 1853ರಲ್ಲಿ ಕೀಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಕೊಳೆತ ಪದಾರ್ಥದಲ್ಲಿರುವ ವಿಷವು ಗಂಟೆಗಟ್ಟಲೆ ಕುದಿಸಿದರೂ ನಾಶವಾಗದೆಂದು 1856ರಲ್ಲಿ ತೋರಿಸಿದನು. ಎರಡು ಕಣ್ಣುಗಳ ನೋಟ ಒಂದಾಗಿ ಕೂಡುವ ಬಗೆಯನ್ನು ಕುರಿತು 1858ರಲ್ಲಿ ಬರೆದನು. ಕಣ್ಣಿನ ಶಾಸ್ತ್ರದಲ್ಲಿ ಇಂದಿಗೂ ಅವನ ಹೆಸರಿನ ಒಂದು ಪರಿಭಾಷೆ ಇದೆ. ಯುದ್ಧದಿಂದಾಗಿ 1864ರಲ್ಲಿ ಕೀಲ್ ಪ್ರದೇಶ ಡೆನ್ಮಾರ್ಕಿನ ಕೈಬಿಟ್ಟಿತು. ಆ ವರ್ಷ ಅವನು ಕೋಪನ್‌ಹೇಗನ್ನಿಗೆ ಪ್ರಾಧ್ಯಾಪಕನಾಗಿ ಬಂದನು.

1884ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ಸೇರಿದಾಗ ಪಾನುಮನೇ ಅಧ್ಯಕ್ಷನಾಗಿದ್ದನು. ಹುಚ್ಚುನಾಯಿ ರೋಗವನ್ನು ಕುರಿತು ಪಾಶ್ಚರನು ಅಲ್ಲಿ ಉಪನ್ಯಾಸ ಮಾಡಿದನು. ದೇಹಕ್ಕೆ ನೆನಪಿದೆಯೆಂದು ಲೆಕ್ಕ ಹಾಕಿ ತೋರಿಸಿದವನೂ, ಆ ನೆನಪನ್ನು ಬೇಕೆಂದಾಗ ಹುಟ್ಟಿಸಲು ಹೊರಟವನೂ ಒಂದೇ ಸಭೆಯಲ್ಲಿ ಕೂಡಿದ್ದರು. ಮರುವರ್ಷ, 1885ರ ಮೇ 2ರಂದು, ಪಾನುಮನು ತೀರಿಕೊಂಡನು. ಎರಡು ತಿಂಗಳ ಮೇಲೆ, ಜುಲೈ ತಿಂಗಳಲ್ಲಿ, ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಪಾಶ್ಚರನ ಲಸಿಕೆಯನ್ನು ಕೊಡಲಾಯಿತು. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿಭಾಗದ ದೊಡ್ಡ ಕಟ್ಟಡವೊಂದು ಇಂದು ಪಾನುಮನ ಹೆಸರನ್ನು ಹೊತ್ತು ನಿಂತಿದೆ.

ಈತನ ಜೀವನದಿಂದ ನಾವು ಕಲಿಯಬೇಕಾದುದೇನು? ಪ್ರಯೋಗಶಾಲೆಯಿಲ್ಲದೆ, ಸೂಕ್ಷ್ಮದರ್ಶಕದ ನೆರವಿಲ್ಲದೆ, ಬರಿಯ ವಿಚಾರಣೆಯಿಂದ ಒಂದು ಶಾಶ್ವತ ಸತ್ಯವನ್ನು ಕಂಡುಕೊಳ್ಳಬಹುದೆಂಬುದು ಒಂದು. ಆ ಸತ್ಯವು ಅಷ್ಟು ದಿನವೂ ಪುಸ್ತಕಗಳಲ್ಲಿರಲಿಲ್ಲ, ಕುರಿಗಾಹಿಗಳ ಮತ್ತು ಮೀನುಗಾರರ ನೆನಪಿನಲ್ಲಿತ್ತು ಎಂಬುದು ಇನ್ನೊಂದು. ಈ ವರ್ಷ ಪದವಿಯನ್ನು ಪಡೆದು ಹೊರಡುವ ನಮ್ಮಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ಶಿಕ್ಷಕರಾಗಿಯೋ, ಗುಮಾಸ್ತರಾಗಿಯೋ, ಅಧಿಕಾರಿಗಳಾಗಿಯೋ ಅಲ್ಲಿಗೇ ಹಿಂದಿರುಗುವವರು. ನಮ್ಮ ಹಿರಿಯರ ದೇಹಗಳಲ್ಲಿರುವ ನೆನಪು ಅವರೊಂದಿಗೆ ಮಣ್ಣಾಗುತ್ತದೆ. ಬಾಯಲ್ಲಿರುವ ನೆನಪೂ ಕೇಳುವವರಿಲ್ಲದಿದ್ದರೆ ಹಾಗೆಯೇ ಮಣ್ಣಾಗುತ್ತದೆ. ಕೇಳಿ ಬರೆದುಕೊಳ್ಳುವುದಕ್ಕೆ ಪಾನುಮನಿಗೆ ಬೇಕಾಗಿದ್ದ ಸಲಕರಣೆಗಳು ನಮ್ಮೆಲ್ಲರ ಬಳಿಯೂ ಇವೆ. ಅವನ್ನು ಬಳಸುವ ತಾಳ್ಮೆಯೊಂದನ್ನು ನಾವು ಗಳಿಸಿಕೊಳ್ಳಬೇಕಾಗಿದೆ.